ಸಾಧು ಬೆಕ್ಕುಗಳ ಅಳತೆ ಪುಸ್ತಕ

ಜನವರಿ 11, ಭಾನುವಾರ

ಅಪ್ಪನಿಗೆ,

ಫೋನಿನಲ್ಲಿ ಮಾತಾಡಿದರೆ ಮೂರನೆಯ ಮಾತಿಗೆ ನಮ್ಮಿಬ್ಬರಿಗೂ ಜಗಳ ಶುರುವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ, ನಾನು ಫೋನು ಕುಕ್ಕುವ ಹಾಗಿಲ್ಲ. ಅಮ್ಮನ ವಿಷಯ ಇದರಲ್ಲಿ ಬರುವುದಿಲ್ಲ, ಧೈರ್ಯವಾಗಿ ಓದಿ.

ವಿಷಯ ಗುಂಡಿಯದು. ನಾಲ್ಕು ವರ್ಷದ ಹಿಂದೆ ನೀವು ಬೆತ್ತದ ಬುಟ್ಟಿಯಲ್ಲಿ ಕಳಿಸಿಕೊಟ್ಟ ಬೆಕ್ಕಿನ ಮರಿ ಈಗ ನನ್ನ ತೊಡೆಯ ಮೇಲೆ ಹಿಡಿಸದಷ್ಟು ದೊಡ್ಡವಳಾಗಿದ್ದಾಳೆ. ಒಂದು ತಿಂಗಳಿಂದ ಕಿಟಕಿಯ ಕಟ್ಟೆಗೆ ಹಾರುವುದನ್ನು ಬಿಟ್ಟಿದ್ದಾಳೆ. ಕೆಳಗೆ ನಿಲ್ಲುತ್ತಾಳೆ, ಮೇಲೆ ನೋಡುತ್ತಾಳೆ, ಹಿಂಗಾಲನ್ನು ಎರಡು ಸಲ ಊರಿ ನೋಡುತ್ತಾಳೆ, ಆಮೇಲೆ ತನಗೆ ಅಲ್ಲಿ ಕೆಲಸವೇ ಇರಲಿಲ್ಲ ಎನ್ನುವ ಹಾಗೆ ಹೊರಟುಹೋಗುತ್ತಾಳೆ. ಸೋಮಾರಿತನ ಅಂದುಕೊಂಡೆ. ಮೊನ್ನೆ ಬೆನ್ನು ಬಾಚುವಾಗ ಬಾಲದ ಬುಡಕ್ಕೆ ಕೈ ತಾಗಿತು, ಉಸ್ಸೆಂದು ಹಲ್ಲು ತೋರಿಸಿದಳು. ಇಷ್ಟು ವರ್ಷದಲ್ಲಿ ಯಾರ ಮೇಲೂ ಉಸ್ಸೆನ್ನದವಳು!

ಪ್ರಾಣಿಗಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬಾಲದ ಕೆಳಗೆ ಎರಡು ಬೆರಳಿಟ್ಟು ಮೆಲ್ಲಗೆ ಎತ್ತಿದರು. ಬುಡದಲ್ಲಿ ಬಾಗಲೇ ಇಲ್ಲ. "ದಾರದ ಹಾಗೆ ಬಾಗಬೇಕು ಇದು. ಸ್ಕೇಲ್ ಇದ್ದ ಹಾಗಿದೆ ನೋಡಿ" ಅಂದರು. ಎಕ್ಸ್‌ರೇ ತೆಗೆದರು. ನಿಮಗೆ ಗೊತ್ತಲ್ಲ, ಆಸ್ಪತ್ರೆಯಲ್ಲಿ ನಾನು ದಿನಕ್ಕೆ ನಲವತ್ತು ಮನುಷ್ಯರ ಮೂಳೆಯ ಚಿತ್ರ ತೆಗೆಯುವವಳು. ಯಾರೂ ವಿವರಿಸಬೇಕಾಗಿರಲಿಲ್ಲ. ಹಿಂಗಾಲಿನ ಹಿಮ್ಮಡಿಯಲ್ಲಿ ಸಣ್ಣ ಸಣ್ಣ ಮೂಳೆಗಳ ನಡುವೆ ಕಪ್ಪು ಸಂದು ಕಾಣಬೇಕು. ಗುಂಡಿಯ ಕಾಲಲ್ಲಿ ಸಂದೇ ಇಲ್ಲ. ಮೂಳೆ ಉಕ್ಕಿ, ಹರಡಿ, ಒಂದಕ್ಕೊಂದು ಅಂಟಿಕೊಂಡಿದೆ.

ಡಾಕ್ಟರು ಹೇಳಿದ್ದು ಇಷ್ಟು. ಈ ತಳಿಯ ಕಿವಿ ಮುಂದಕ್ಕೆ ಮಡಚಿಕೊಳ್ಳುವುದು ಅದರೊಳಗಿನ ಮೆದು ಎಲುಬು ಹುಟ್ಟಿನಿಂದಲೇ ದುರ್ಬಲ ಆಗಿರುವುದರಿಂದ. ಆ ಮೆದು ಎಲುಬು ಕಿವಿಯಲ್ಲಿ ಮಾತ್ರ ಇರುವುದಿಲ್ಲ, ಎಲ್ಲ ಕೀಲುಗಳಲ್ಲೂ ಇರುತ್ತದೆ. "ನೀವು ಮುದ್ದು ಅಂತ ನೋಡೋದು ಕಾಯಿಲೆಯ ಕಣ್ಣಿಗೆ ಕಾಣೋ ತುದಿ, ಅಷ್ಟೇ" ಅಂದರು.

ಮಾರ್ಚಿನಲ್ಲಿ ನಿಮ್ಮ ಎಳೆಯ ಬೆಕ್ಕು ನಿರಿಗೆಗೆ ಜೋಡಿ ಮಾಡಿಸುತ್ತೀರಿ ಎಂದು ಕಳೆದ ಸಲ ಹೇಳಿದ್ದಿರಿ. ದಯವಿಟ್ಟು ನಿಲ್ಲಿಸಿ. ಒಂದಿಷ್ಟು ನೋಡೋಣ, ಆಮೇಲೆ ಯೋಚಿಸೋಣ.

ನಿಮ್ಮ ಮಗಳು

*

ಜನವರಿ 19, ಸೋಮವಾರ

ಮಗಳಿಗೆ,

ಆರು ತಿಂಗಳ ಮೇಲೆ ನಿನ್ನ ಕಾಗದ ಬಂತೆಂದು ಕತ್ತರಿ ಕೆಳಗಿಟ್ಟು, ಕೈ ತೊಳೆದುಕೊಂಡು ಓದಲು ಕೂತೆ. ನೋಡಿದರೆ ನನ್ನ ಬೆಕ್ಕುಗಳ ಮೇಲೆ ಚಾಡಿ!

ಇಪ್ಪತ್ತೇಳು ವರ್ಷವಾಯಿತು ಮಗಳೇ. ಹೊಲಿಗೆ ಹೊಟ್ಟೆಪಾಡಿಗೆ, ಬೆಕ್ಕು ಜೀವಕ್ಕೆ ಎಂದು ಇದ್ದವನು ನಾನು. ಕಾಲರ್, ಅಸ್ತರ್, ಜೇಬು, ಗುಂಡಿ, ಕತ್ತರಿ, ನಿರಿಗೆ ಎಂದು ಅಂಗಡಿಯ ಹೆಸರೆಲ್ಲ ಅವಕ್ಕೇ ಇಟ್ಟು ಮುಗಿಸಿದೆ. ನನ್ನ ಮನೆಯ ಮರಿ ಬೇಕೆಂದು ಜನ ವರ್ಷಗಟ್ಟಲೆ ಕಾಯುತ್ತಾರೆ. ಕಿವಿ ಮಡಿಸಿದ ಬೆಕ್ಕು ಬೇರೆಯವರ ಹತ್ತಿರವೂ ಸಿಗುತ್ತದೆ. ನನ್ನವಕ್ಕೆ ಇರುವುದು ಸ್ವಭಾವ. ಪರದೆ ಹತ್ತುವುದಿಲ್ಲ, ಕಪಾಟು ಏರುವುದಿಲ್ಲ, ಇಟ್ಟ ಕಡೆ ಇಟ್ಟ ಹಾಗೆ ಕೂತಿರುತ್ತವೆ. ಬೆಕ್ಕುಗಳ ಪ್ರದರ್ಶನದಲ್ಲಿ ತೀರ್ಪುಗಾರ್ತಿ ಕಾಲರನ್ನು ಮೇಜಿನ ಮೇಲಿಟ್ಟು, ಚಹಾ ಕುಡಿದು, ವಾಪಸು ಬಂದು ನೋಡಿದಳು. ಒಂದು ಅಂಗುಲ ಅಲ್ಲಾಡಿರಲಿಲ್ಲ. "ಇಷ್ಟು ಸಾಧು ಬೆಕ್ಕನ್ನ ನಾನು ನೋಡೇ ಇಲ್ಲ" ಅಂದಳು. ಪದಕ ಇನ್ನೂ ಗೋಡೆಯ ಮೇಲಿದೆ.

ಹಳಬರು ಹೇಳಿಕೊಟ್ಟ ನಿಯಮವನ್ನೂ ನಾನು ಮುರಿದವನಲ್ಲ. ಮಡಿಸಿದ ಕಿವಿಗೆ ಮಡಿಸಿದ ಕಿವಿಯನ್ನು ಜೋಡಿ ಮಾಡಬಾರದು, ಮಾಡಿದರೆ ಕುಂಟು ಮರಿ ಹುಟ್ಟುತ್ತದೆ. ಯಾವಾಗಲೂ ಒಂದು ನೆಟ್ಟಗಿನ ಕಿವಿ, ಒಂದು ಮಡಿಸಿದ್ದು. ಹುಟ್ಟಿದ ಇಪ್ಪತ್ತೊಂದನೆಯ ದಿನ ಕಿವಿ ನೋಡಿ, ಮಡಚಿದವನ್ನು ಬೇರೆ, ನೆಟ್ಟಗಿರುವವನ್ನು ಬೇರೆ ಮಾಡುತ್ತೇನೆ. ಇಷ್ಟು ಶಿಸ್ತಿನ ಮನೆಯಲ್ಲಿ ಕಾಯಿಲೆ ಎಲ್ಲಿಂದ ಬರಬೇಕು? ನಿನ್ನ ಮನೆಯ ನೆಲ ತಣ್ಣಗಿರಬೇಕು. ಇಲ್ಲವೇ ತಿನ್ನಿಸಿ ತಿನ್ನಿಸಿ ಅವಳನ್ನು ದಿಂಬು ಮಾಡಿಟ್ಟಿದ್ದೀಯ.

ನಿರಿಗೆಗೆ ಹದಿನಾಲ್ಕು ತಿಂಗಳು. ಅಂಥ ಕಿವಿ ನನ್ನ ಕೈಯಲ್ಲಿ ಇದುವರೆಗೆ ಬಂದಿಲ್ಲ, ಇಸ್ತ್ರಿ ಮಾಡಿದ ಹಾಗೆ ತಲೆಗೆ ಅಂಟಿಕೊಂಡಿದೆ. ಮಾರ್ಚ್ ಒಂದರ ಭಾನುವಾರ ಹಿಂದಿನ ಬೀದಿಯ ಕನ್ನಡಕದಂಗಡಿಯವನು ತನ್ನ ನೆಟ್ಟಗಿವಿಯ ಗಂಡು ಬೆಕ್ಕನ್ನು ತರುತ್ತಾನೆ. ಮಾತು ಕೊಟ್ಟಾಗಿದೆ. ಈ ಒಂದು ಸೂಲಿಗಾಗಿಯೇ ನಾನು ಇಷ್ಟು ವರ್ಷ ಕಾದದ್ದು ಎಂದು ತಿಳಿದುಕೋ.

ನಿನ್ನ ಅಪ್ಪ

ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ತಲೆಯಲ್ಲಿ ಹುಳ ಬಿಟ್ಟುಬಿಟ್ಟೆಯಲ್ಲ, ಅಸ್ತರನ ಬಾಲ ಎತ್ತಿ ನೋಡಿದೆ. ಅರ್ಧದಲ್ಲಿ ನಿಂತಿತು. ವಯಸ್ಸಾಗಿದೆ ಅವನಿಗೆ, ಏಳು ವರ್ಷ. ನನ್ನ ಮಂಡಿನೋವಿನ ಗುಳಿಗೆ ಅರ್ಧ ಕೊಡಲೇ?

*

ಜನವರಿ 30, ಶುಕ್ರವಾರ

ಅಪ್ಪನಿಗೆ,

ನಿಮ್ಮ ಕಾಗದದ ಕೊನೆಯ ಸಾಲು ಓದಿದ ಕೂಡಲೇ ಫೋನು ಮಾಡಿದ್ದು. "ಮನುಷ್ಯರ ನೋವಿನ ಗುಳಿಗೆ ಬೆಕ್ಕಿಗೆ ವಿಷ. ಒಂದು ಚೂರೂ ಕೊಡಬೇಡಿ" ಎಂದು ಎರಡೇ ಮಾತಿನಲ್ಲಿ ಇಟ್ಟುಬಿಟ್ಟೆ, ಮೂರನೆಯದಕ್ಕೆ ಹೋಗಲಿಲ್ಲ. ನೀವು "ಹೂಂ" ಅಂದದ್ದು ಕೇಳಿಸಿತು. ಅಷ್ಟು ಚಿಕ್ಕ ಉತ್ತರ ನಿಮ್ಮಿಂದ ನಾನು ಕೇಳಿದ್ದು ಅದೇ ಮೊದಲು.

ಹಳಬರ ನಿಯಮದ ಬಗ್ಗೆ ಡಾಕ್ಟರನ್ನು ಕೇಳಿದೆ. ಮಡಿಸಿದ ಕಿವಿ ಎರಡು ಕಡೆಯಿಂದ ಬಂದರೆ ಮರಿಯಲ್ಲೇ ಕುಂಟು ಶುರುವಾಗುತ್ತದಂತೆ, ಅದು ನಿಜ. ಒಂದೇ ಕಡೆಯಿಂದ ಬಂದರೂ ಕಾಯಿಲೆ ಬಂದೇ ಬರುತ್ತದೆ. ನಿಧಾನವಾಗಿ ಬರುತ್ತದೆ, ಒಂದಕ್ಕೆ ಹೆಚ್ಚು ಇನ್ನೊಂದಕ್ಕೆ ಕಡಿಮೆ, ಅದಕ್ಕೇ ಹಳಬರ ಕಣ್ಣಿಗೆ ಬಿದ್ದಿಲ್ಲ. ನೆಟ್ಟಗಿನ ಕಿವಿಯ ಮರಿಗಳಿಗೆ ಮಾತ್ರ ಈ ತೊಂದರೆ ಇಲ್ಲ.

ಗುಂಡಿಗೆ ಈಗ ಬೆಕ್ಕುಗಳಿಗೆಂದೇ ಇರುವ ನೋವಿನ ಔಷಧಿ ಹನಿ ಲೆಕ್ಕದಲ್ಲಿ ಕೊಡುತ್ತಿದ್ದೇನೆ. ತಿಂಗಳಿಗೊಮ್ಮೆ ಮೂತ್ರಪಿಂಡ ಸರಿಯಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಬೇಕು. ತೂಕ ಇಳಿಸುತ್ತಿದ್ದೇವೆ, ದಿಂಬು ಎಂದಿರಲ್ಲ, ಆ ಮಾತು ಸರಿಯೇ. ಕಿಟಕಿಗೆ ಎರಡು ಮೆಟ್ಟಿಲಿನ ಪೆಟ್ಟಿಗೆ ಇಟ್ಟೆ, ನುಣುಪು ನೆಲಕ್ಕೆ ಹಳೆಯ ಕಂಬಳಿ ಹಾಸಿದೆ, ಅವಳು ಶೌಚಕ್ಕೆ ಹೋಗುವ ಮರಳಿನ ತಟ್ಟೆಯ ಒಂದು ಅಂಚನ್ನು ಗರಗಸದಿಂದ ಕೊಯ್ದು ತಗ್ಗಿಸಿದೆ.

ಈಗ ಮುಖ್ಯ ಸುದ್ದಿ ಕೇಳಿ. ಔಷಧಿ ಶುರುವಾದ ಆರನೆಯ ದಿನ ನಾನು ಸ್ನಾನ ಮುಗಿಸಿ ಬರುತ್ತೇನೆ, ಬಾಗಿಲ ಹಿಂದಿನಿಂದ ಏನೋ ನನ್ನ ಕಾಲಿನ ಮೇಲೆ ಎಗರಿತು. ಗುಂಡಿ! ಹೊಂಚು ಹಾಕಿ ಕೂತಿದ್ದಳು. ಕಚ್ಚಿ ಓಡಿದಳು. ಈಗ ನನ್ನ ಕಾಲುಚೀಲ ಕದಿಯುತ್ತಾಳೆ, ಆಸ್ಪತ್ರೆಯ ಗುರುತಿನ ಬಿಲ್ಲೆಯ ದಾರ ಅಗಿದು ಹಾಕಿದಳು, ಬೈದರೆ ಎದುರು ಮಾತಾಡುತ್ತಾಳೆ. ಇವಳು ತುಂಟಿ ಅಪ್ಪ, ಮಹಾ ತುಂಟಿ. ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಇವಳ ಪರಿಚಯವೇ ಆಗಿರಲಿಲ್ಲ.

ಅಂದ ಮೇಲೆ ಒಂದು ಪ್ರಶ್ನೆ. ನಿಮ್ಮ ಬೆಕ್ಕುಗಳು ನಿಜಕ್ಕೂ ಸಾಧುವೇ? ನನ್ನ ಮಾತು ನಂಬಬೇಡಿ. ನೀವೇ ಅಳೆಯಿರಿ. ಯಾರು ಎಷ್ಟು ಎತ್ತರ ಹಾರುತ್ತಾರೆ, ಇಳಿಯುವಾಗ ಮುಗ್ಗರಿಸುತ್ತಾರೋ, ಮೆಟ್ಟಿಲನ್ನು ಒಂದೊಂದೇ ಕಾಲಲ್ಲಿ ಹತ್ತುತ್ತಾರೋ ಎರಡೂ ಹಿಂಗಾಲು ಕೂಡಿಸಿ ಮೊಲದ ಹಾಗೆ ಹತ್ತುತ್ತಾರೋ, ಉಗುರು ಸವೆಯದೆ ಬೆಳೆದಿದೆಯೋ. ಊರಿನ ಅರ್ಧ ಗಂಡಸರ ಒಂದು ಭುಜ ಇನ್ನೊಂದಕ್ಕಿಂತ ತಗ್ಗು ಎಂದು ಬಾಗಿಲಲ್ಲೇ ಕಂಡುಹಿಡಿಯುವವರು ನೀವು. ಬೆಕ್ಕಿನ ನಡಿಗೆ ನಿಮ್ಮ ಕಣ್ಣು ತಪ್ಪಿಸಿದ್ದು ಹೇಗೆ ಎನ್ನುವುದೇ ನನಗೆ ಆಶ್ಚರ್ಯ.

ನಿಮ್ಮ ಮಗಳು

*

ಫೆಬ್ರವರಿ 12, ಗುರುವಾರ

ಮಗಳಿಗೆ,

ಮೂರು ಕೋಟು ಅರ್ಧಕ್ಕೆ ನಿಂತಿವೆ. ಗಿರಾಕಿಗಳು ಬಂದು ಬೈದು ಹೋಗುತ್ತಿದ್ದಾರೆ. ಎಲ್ಲ ನಿನ್ನಿಂದ.

ಮೊದಲು ಸ್ಟೂಲಿನಿಂದ ಶುರುಮಾಡಿದೆ. ಹದಿನೆಂಟು ಅಂಗುಲ ಎತ್ತರ, ಮೇಲೆ ಮೀನಿನ ತುಂಡು. ನೆಟ್ಟಗಿವಿಯ ಕತ್ತರಿ, ಅದೇ ನಿರಿಗೆಯ ಅಣ್ಣ, ನಾನು ಕೈ ತೆಗೆಯುವ ಮೊದಲೇ ಮೇಲಿದ್ದ. ಕಾಲರ್ ಕೆಳಗೆ ಕೂತು ನನ್ನ ಮುಖ ನೋಡಿದ. ಅಸ್ತರ್ ಸ್ಟೂಲಿನ ಕಾಲಿಗೆ ಕೆನ್ನೆ ಉಜ್ಜಿ ಹೋದ. ಇದೇ ಅಸ್ತರನನ್ನು ನಾನು "ಆಸೆಬುರುಕ ಅಲ್ಲ" ಎಂದು ಎಲ್ಲರ ಎದುರು ಹೊಗಳುತ್ತಿದ್ದೆ. ತುಂಡನ್ನು ನೆಲಕ್ಕಿಟ್ಟೆ, ತಟ್ಟೆಯನ್ನೂ ನೆಕ್ಕಿದ.

ಆಮೇಲೆ ನನಗೆ ಹುಚ್ಚು ಹಿಡಿಯಿತು. ಕಪ್ಪು ಕೋಟಿನ ಬಟ್ಟೆ ನಾಲ್ಕು ಗಜ ನೆಲಕ್ಕೆ ಹಾಸಿದೆ. ಗುರುತು ಹಾಕುವ ಸೀಮೆಸುಣ್ಣ ಪುಡಿಮಾಡಿ ಒಬ್ಬೊಬ್ಬರ ಪಾದಕ್ಕೂ ಹಚ್ಚಿ ನಡೆಸಿದೆ. ಎಂಥ ಚಂದ ಬಂತು ಅಂತೀಯ! ಒಂದೊಂದು ಹೆಜ್ಜೆಯೂ ಹಾಳೆಯ ಮೇಲೆ ಬರೆದ ಹಾಗೆ. ಟೇಪು ಇಟ್ಟು ಅಳೆದೆ. ಕತ್ತರಿಯದು ಹದಿನಾರು ಅಂಗುಲದ ಹೆಜ್ಜೆ, ಹಿಂಗಾಲು ಮುಂಗಾಲಿನ ಗುರುತಿನ ಮೇಲೆಯೇ ಬೀಳುತ್ತದೆ. ಕಾಲರಿನದು ಹತ್ತು. ಅಸ್ತರನದು ಎಂಟೂವರೆ, ಬಲ ಹಿಂಗಾಲಿನ ಗುರುತು ಪೂರ್ತಿ ಮೂಡಿಯೇ ಇಲ್ಲ, ಬೆರಳ ತುದಿ ಮಾತ್ರ. ಅವನು ಆ ಕಾಲನ್ನು ಊರುವುದಿಲ್ಲ ಮಗಳೇ. ನನ್ನ ಕಣ್ಣೆದುರೇ ಏಳು ವರ್ಷ ಓಡಾಡಿದ್ದಾನೆ.

ಮೂರನೆಯ ದಿನ ಅಳತೆ ಪುಸ್ತಕ ತೆಗೆದೆ. ಗಿರಾಕಿಗಳದಲ್ಲ, ಬೆಕ್ಕುಗಳದು. ಹುಟ್ಟಿದ ದಿನ, ಬಣ್ಣ, ಕಿವಿಯ ಮಡಿಕೆ, ತೂಕ, ಯಾರ ಮನೆಗೆ ಹೋಯಿತು, ಎಲ್ಲಕ್ಕೂ ಒಂದೊಂದು ಗೀಟು ಎಳೆದಿದ್ದೇನೆ. ಕೊನೆಯ ಕಾಲಂ ಸ್ವಭಾವ. ಇಪ್ಪತ್ತೇಳು ವರ್ಷದ ಬರಹ ಮೊದಲಿನಿಂದ ಓದಿದೆ. ಶುರುವಿನ ಬೆಕ್ಕುಗಳ ಎದುರು "ಚೂಟಿ", "ಕಳ್ಳ", "ಪರದೆ ಹರಿದಳು" ಎಂದೆಲ್ಲ ಇದೆ. ಅವನ್ನು ಮಕ್ಕಳಿರುವ ಮನೆಗೆ ಕೊಟ್ಟುಬಿಟ್ಟೆ. "ಸಾಧು" ಎಂದು ಬರೆದವನ್ನು ಇಟ್ಟುಕೊಂಡೆ, ಜೋಡಿ ಮಾಡಿಸಿದೆ. ಮುಂದಿನ ಹಾಳೆಗಳಲ್ಲಿ "ತುಂಬ ಸಾಧು". ಅವುಗಳಲ್ಲೂ ಹೆಚ್ಚು ಸಾಧುವಾದದ್ದನ್ನು ಆರಿಸಿ ಇಟ್ಟುಕೊಂಡೆ. ಕಳೆದ ಐದು ಸೂಲಿನಲ್ಲಿ "ಕೂತಲ್ಲಿಂದ ಏಳುವುದಿಲ್ಲ, ಬಂಗಾರ" ಎಂದು ಬರೆದಿದ್ದೇನೆ. ನನ್ನ ಕೈಬರಹವೇ. ಕುಂಟುವವನ್ನು ಹುಡುಕಿ ಹುಡುಕಿ ಆರಿಸಿ ಮರಿ ಹಾಕಿಸಿದ್ದೇನೆ, ಅದಕ್ಕೆ ಪದಕ ಬೇರೆ ತಂದಿದ್ದೇನೆ. ಹೀಗೆ ತಪ್ಪು ಮಾಡಲೂ ಇಷ್ಟು ಶಿಸ್ತು ಬೇಕು ನೋಡು.

ಪುಸ್ತಕ ಮುಚ್ಚಿಟ್ಟೆ. ಆಮೇಲೆ ನಿರಿಗೆಯನ್ನು ಅಳೆದೆ. ಈಗ ಒಳ್ಳೆಯ ಸುದ್ದಿ! ಸ್ಟೂಲು ಹಾರಿದಳು. ಮೂವತ್ತು ಅಂಗುಲದ ಮೇಜು ಹಾರಿದಳು. ಬಾಲ ದಾರದ ಹಾಗೆ ಬಾಗುತ್ತದೆ. ಹೆಜ್ಜೆ ಹದಿನೈದು. ಕಿವಿ ನೋಡಿದರೆ ಇಸ್ತ್ರಿ, ಕಾಲು ನೋಡಿದರೆ ಕತ್ತರಿಯ ತಂಗಿ. ಇಂಥವಳು ಒಬ್ಬಳಾದರೂ ಹುಟ್ಟಿದ್ದಾಳಲ್ಲ ಎಂದು ಕಣ್ಣಲ್ಲಿ ನೀರು ಬಂತು. ಇವಳಿಂದ ಹೊಸದಾಗಿ ಶುರುಮಾಡುತ್ತೇನೆ. ಈ ಸಲ ಚೂಟಿಯಾದ ಮರಿಗಳನ್ನೇ ಆರಿಸಿ ಇಟ್ಟುಕೊಳ್ಳುತ್ತೇನೆ. ಮಾರ್ಚ್ ಒಂದಕ್ಕೆ ಕನ್ನಡಕದವನು ಬರಲಿ, ಏನಂತೀಯ?

ನಿನ್ನ ಅಪ್ಪ

*

ಫೆಬ್ರವರಿ 18, ಬುಧವಾರ

ಅಪ್ಪನಿಗೆ,

ಸೀಮೆಸುಣ್ಣದ ಹೆಜ್ಜೆಯ ವಿಷಯ ಓದಿ ಕೆಲಸದ ಜಾಗದಲ್ಲೇ ಕೂಗಿಬಿಟ್ಟೆ. ಡಾಕ್ಟರಿಗೆ ತೋರಿಸಿದೆ, ಅವರು ಆ ಪುಟದ ನಕಲು ಇಟ್ಟುಕೊಂಡರು. "ನಿಮ್ಮಪ್ಪ ಯಾವ ಕಾಲೇಜಲ್ಲಿ ಓದಿದ್ದು?" ಅಂದರು. ಏಳನೇ ಕ್ಲಾಸು ಎಂದೆ.

ಆದರೆ ನಿರಿಗೆಯ ವಿಷಯ ಬೇಡ ಅಪ್ಪ. ಅವಳು ಹದಿನಾಲ್ಕು ತಿಂಗಳ ಹುಡುಗಿ. ಆ ವಯಸ್ಸಿಗೆ ಗುಂಡಿಯೂ ಕಪಾಟಿನ ಮೇಲೆ ಮಲಗುತ್ತಿದ್ದಳು. ಕಿವಿ ಮಡಚಿದೆ ಎಂದರೆ ಮೆದು ಎಲುಬು ದುರ್ಬಲ ಎಂದೇ ಅರ್ಥ, ಕಾಲು ಇನ್ನೂ ಸುದ್ದಿ ಮುಟ್ಟಿಸಿಲ್ಲ ಅಷ್ಟೆ. ಅವಳ ಮರಿಗಳಲ್ಲಿ ಅರ್ಧಕ್ಕೆ ಅದೇ ಕಿವಿ, ಅದೇ ಕೀಲು. ಚೂಟಿಯಾದದ್ದನ್ನು ಆರಿಸಿದರೂ ಕಾಯಿಲೆ ಹೋಗುವುದಿಲ್ಲ. ಒಂದು ಎಕ್ಸ್‌ರೇ ತೆಗೆಸಿ. ನನ್ನ ಮೇಲೆ ಸಿಟ್ಟಿದ್ದರೂ ತೆಗೆಸಿ.

ಅಮ್ಮನ ವಿಷಯ ಬರುವುದಿಲ್ಲ ಎಂದು ಹೇಳಿದ್ದೆ. ಮಾತು ತಪ್ಪುತ್ತಿದ್ದೇನೆ. ಸೊಂಟದ ಮೂಳೆಯ ಕಾಯಿಲೆ ಎಲ್ಲ ಕಡೆ ಹಬ್ಬಿ, ಅಮ್ಮ ಹೋದ ದಿನ ಎಲ್ಲರ ಎದುರು ನಾನು ನಿಮ್ಮನ್ನು "ಒಂದೇ ಮನೇಲಿದ್ದು ನಿಮಗೆ ಕಾಣ್ಲಿಲ್ವಾ?" ಎಂದು ಕೇಳಿದೆ. ಆರು ವರ್ಷ ಆ ಪ್ರಶ್ನೆ ಸರಿಯೆಂದೇ ತಿಳಿದಿದ್ದೆ. ಗುಂಡಿ ನನ್ನ ತೊಡೆಯ ಮೇಲೇ ಮಲಗುತ್ತಿದ್ದಳು. ಮೂಳೆ ನೋಡುವುದು ನನ್ನ ಕಸುಬು. ನನಗೂ ಕಾಣಲಿಲ್ಲ.

ಕ್ಷಮಿಸಿ ಎಂದು ಬರೆದರೆ ತೀರಾ ಚಿಕ್ಕದಾಗುತ್ತದೆ. ಬೇರೆ ಮಾತು ಸಿಗದೆ ಅದನ್ನೇ ಬರೆಯುತ್ತಿದ್ದೇನೆ.

ನಿಮ್ಮ ಮಗಳು

*

ಮಾರ್ಚ್ 2, ಸೋಮವಾರ

ಮಗಳಿಗೆ,

ಶನಿವಾರ ನಿರಿಗೆಯನ್ನೂ ಕತ್ತರಿಯನ್ನೂ ಎರಡು ಬುಟ್ಟಿಯಲ್ಲಿ ಹಾಕಿಕೊಂಡು ಇಲ್ಲಿಯ ಪ್ರಾಣಿ ಡಾಕ್ಟರ ಹತ್ತಿರ ಹೋದೆ. ಎಳೆಯ ವಯಸ್ಸಿನವನು, ಬಿಳಿ ಕೋಟಿನ ತೋಳು ಬೆರಳು ಮುಚ್ಚುವಷ್ಟು ಉದ್ದ. ಅದನ್ನು ಮಡಚಿ ಹೊಲಿಯಲು ನನ್ನ ಕೈ ತುರಿಸುತ್ತಿತ್ತು.

ಕತ್ತರಿಯ ಎಕ್ಸ್‌ರೇ ಯಾಕೆ ಎಂದು ಕೇಳಿದ. "ಪಕ್ಕದಲ್ಲಿ ಸರಿಯಾದ್ದು ಇಲ್ದಿದ್ರೆ ತಪ್ಪು ಯಾವುದು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?" ಅಂದೆ. ಒಪ್ಪಿದ. ಎರಡೂ ಚಿತ್ರ ದೀಪದ ಮುಂದೆ ಇಟ್ಟ. ಅಬ್ಬಾ, ಒಳಗೆ ಎಂಥ ಕುಸುರಿ ಮಗಳೇ! ನಿನ್ನ ಕೆಲಸ ಏನೆಂದು ನನಗೆ ಮೊನ್ನೆಯೇ ತಿಳಿದದ್ದು. ದಿನವೂ ಇದನ್ನೇ ನೋಡುತ್ತೀಯ? ಕತ್ತರಿಯ ಹಿಮ್ಮಡಿಯಲ್ಲಿ ಮೂಳೆ ಮೂಳೆಗೂ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ. ನಿರಿಗೆಯ ಹಿಮ್ಮಡಿಯಲ್ಲಿ ಎರಡು ಕಡೆ ಆ ಗೆರೆ ಮಸುಕು. ಅಂಚಿನಲ್ಲಿ ಬಿಳಿಯ ಜುಂಗು ಎದ್ದಿದೆ, ಒರಟಾಗಿ ಕತ್ತರಿಸಿದ ಬಟ್ಟೆಯಲ್ಲಿ ಏಳುವಂಥದು. ಡಾಕ್ಟರು ಬೆರಳಿಡುವ ಮೊದಲೇ ನಾನು ಬೆರಳಿಟ್ಟೆ.

ಭಾನುವಾರ ಕನ್ನಡಕದವನು ಬಂದ. ಹೊಸ ಅಂಗಿ, ಗಂಡಿಗೆ ಸ್ನಾನ ಬೇರೆ ಮಾಡಿಸಿದ್ದ. ಕೂರಿಸಿ ಎರಡೂ ಚಿತ್ರ ಕಿಟಕಿಗೆ ಹಿಡಿದು ತೋರಿಸಿದೆ. ಕಣ್ಣಿನ ಕಸುಬಿನವನಲ್ಲವೇ, ತಕ್ಷಣ ಕಂಡಿತು. ಆದರೂ ಬಿಡಲಿಲ್ಲ.

"ಇಷ್ಟು ಸಣ್ಣದಕ್ಕೆ ಯಾಕಪ್ಪಾ ತಲೆ ಕೆಡಿಸ್ಕೋತೀಯ? ಅದು ಆರಾಮಾಗಿ ಹಾರ್ತಾ ಇದೆ."

"ಇವತ್ತು ಹಾರ್ತಾ ಇದೆ."

"ನೀನು ನಿಲ್ಲಿಸಿದ್ರೆ ಇನ್ನೊಬ್ಬ ಮಾಡ್ತಾನೆ. ನಿನ್ನಷ್ಟು ಪ್ರೀತಿಯಿಂದ ಮಾಡಲ್ಲ, ಅಷ್ಟೇ. ನೆಟ್ಟಗಿವಿ ಬೆಕ್ಕನ್ನ ಯಾರು ಕೇಳ್ತಾರೆ? ಬೀದಿ ತುಂಬ ಅವೇ ಇವೆ."

ಅಸ್ತರನನ್ನು ಎತ್ತಿ ನೆಲದ ಬಟ್ಟೆಯ ಮೇಲೆ ಬಿಟ್ಟೆ, "ಇವನು ನಡೆಯೋದನ್ನ ಈ ತುದಿಯಿಂದ ಆ ತುದಿಗೆ ನೋಡು" ಅಂದೆ. ನಾಲ್ಕು ಗಜ. ಅಸ್ತರ್ ನಡುವೆ ಎರಡು ಸಲ ಕೂತ. ಕನ್ನಡಕದವನು ಮುಗಿಯುವವರೆಗೂ ನೋಡಲಿಲ್ಲ, ಗಂಡನ್ನು ಬುಟ್ಟಿಗೆ ಹಾಕಿಕೊಂಡು ಎದ್ದ. ಇಪ್ಪತ್ತು ವರ್ಷದ ಸ್ನೇಹಿತ, ಹೋಗುವಾಗ ಬಾಗಿಲು ಹಾಕಿಕೊಳ್ಳಲಿಲ್ಲ.

ನಿರಿಗೆಗೆ ಮರಿಯಾಗದ ಹಾಗೆ ಆಪರೇಷನ್ ಮುಂದಿನ ವಾರ. ಈ ಸಾಲು ಬರೆಯಲು ಅರ್ಧ ಗಂಟೆ ಹಿಡಿಯಿತು. ನನ್ನ ಬೆಕ್ಕುಗಳ ಪೀಳಿಗೆ ಇವಳಿಗೆ ಮುಗಿಯಿತು.

ಇನ್ನು ಅಮ್ಮನ ವಿಷಯ. ನೀನು ಕ್ಷಮೆ ಕೇಳಬೇಡ. ಕೊನೆಯ ವರ್ಷ ಅವಳು ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿಯುತ್ತಿದ್ದಳು, ಗೋಡೆ ಹಿಡಿದು. ನಾನು ಕೆಳಗೆ ಯಂತ್ರದ ಮುಂದೆ ಕೂತು ದಿನವೂ ನೋಡುತ್ತಿದ್ದೆ. ಬಜಾರಿಗೆ ಬರುವುದನ್ನು ಬಿಟ್ಟಳು, ಮನೆಯಲ್ಲೇ ಕೂರುವುದು ಇಷ್ಟ ಅಂದುಕೊಂಡೆ. ಯಾರಾದರೂ ಕೇಳಿದರೆ "ನಮ್ಮವಳು ತುಂಬ ಸಾಧು, ಒಂದು ದಿನ ಇದು ಬೇಕು ಅಂತ ಬಾಯಿ ಬಿಟ್ಟವಳಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ಕಾಣುತ್ತಿತ್ತು ಮಗಳೇ. ಏನೆಂದು ನಾನು ಕೇಳಲಿಲ್ಲ.

ನಿನ್ನ ಅಪ್ಪ

*

ಮಾರ್ಚ್ 10, ಮಂಗಳವಾರ

ಅಪ್ಪನಿಗೆ,

ನಿಮ್ಮ ಕಾಗದ ಓದಿ ಅತ್ತೆ. ಆಮೇಲೆ ಡಾಕ್ಟರ ಕೋಟಿನ ತೋಳು ನೆನಪಾಗಿ ನಕ್ಕೆ. ಎರಡನ್ನೂ ಒಟ್ಟಿಗೆ ಮಾಡಿ ಬಹಳ ದಿನವಾಗಿತ್ತು.

ಕಾಲರ್, ಅಸ್ತರ್ ಇಬ್ಬರಿಗೂ ಔಷಧಿ ಬರೆಸಿಕೊಳ್ಳಿ. ಮೆಟ್ಟಿಲಿನ ಪೆಟ್ಟಿಗೆಯ ಅಳತೆ ಕಳಿಸುತ್ತೇನೆ, ಆರು ಅಂಗುಲಕ್ಕೊಂದು ಮೆಟ್ಟಿಲು ಸಾಕು. ನಿರಿಗೆಗೆ ಈಗಲೇ ತೂಕ ಹೆಚ್ಚದ ಹಾಗೆ ನೋಡಿಕೊಳ್ಳಿ, ಆರು ತಿಂಗಳಿಗೊಮ್ಮೆ ಸೀಮೆಸುಣ್ಣದ ಹೆಜ್ಜೆ ತೆಗೆದು ಹಳೆಯದರ ಜೊತೆ ಹೋಲಿಸಿ.

ಒಂದು ಅನುಮಾನ. ಪುಸ್ತಕದಲ್ಲಿ ಎಲ್ಲ ಮನೆಗಳ ವಿಳಾಸ ಇದೆಯಲ್ಲವೇ? ಅವರಲ್ಲಿ ಎಷ್ಟು ಜನರ ಬೆಕ್ಕು "ಸಾಧು" ಇರಬಹುದು? ಬರೆಯಿರಿ ಎಂದು ನಾನು ಹೇಳುವುದಿಲ್ಲ. ಬರೆದರೆ ಜನ ಬಾಯಿಗೆ ಬಂದ ಹಾಗೆ ಬೈಯುತ್ತಾರೆ, ಇಷ್ಟು ವರ್ಷದ ಹೆಸರು ಹೋಗುತ್ತದೆ. ನನಗೇ ಭಯವಾಗುತ್ತಿದೆ.

ನಿಮ್ಮ ಮಗಳು

*

ಏಪ್ರಿಲ್ 5, ಭಾನುವಾರ

ನನ್ನ ಮನೆಯಿಂದ ಬೆಕ್ಕು ಒಯ್ದ ಐವತ್ತೆಂಟು ಮನೆಯವರಿಗೆ,

ನಾನು ಬೆಕ್ಕಿನ ದರ್ಜಿ. ನೀವು ನನ್ನನ್ನು ಹಾಗೇ ಕರೆಯುತ್ತಿದ್ದಿರಿ. ನಾನು ನಿಮಗೆ ಕೊಟ್ಟ ಮಡಿಸಿದ ಕಿವಿಯ ಬೆಕ್ಕಿಗೆ ಹುಟ್ಟಿನಿಂದ ಬಂದ ಕೀಲಿನ ಕಾಯಿಲೆ ಇದೆ. ಇದು ನಿಮ್ಮ ಆರೈಕೆಯ ತಪ್ಪಲ್ಲ. ಅಂಥ ಕಿವಿಗಾಗಿ ನಾನು ಅವನ್ನು ಬೆಳೆಸಿದೆ, ಆ ಕಿವಿಯೂ ಕಾಯಿಲೆಯೂ ಒಂದೇ ಬೇರಿನವು. ನನಗೆ ಈ ವರ್ಷ ತಿಳಿಯಿತು. ಮೊದಲೇ ತಿಳಿಯಬಹುದಿತ್ತು. ನೆಟ್ಟಗಿನ ಕಿವಿಯ ಮರಿ ಒಯ್ದವರು ಇದಕ್ಕಾಗಿ ಹೆದರಬೇಕಾಗಿಲ್ಲ.

ನಿಮ್ಮ ಬೆಕ್ಕು ತುಂಬ ಸಾಧು, ಹಾರುವುದಿಲ್ಲ, ಹತ್ತುವುದಿಲ್ಲ, ಇಟ್ಟ ಕಡೆ ಕೂತಿರುತ್ತದೆ ಎಂದರೆ ಸಂತೋಷಪಡಬೇಡಿ. ಬಾಲದ ಬುಡವನ್ನು ಎರಡು ಬೆರಳಿಂದ ಮೆಲ್ಲಗೆ ಎತ್ತಿ ನೋಡಿ, ಬಲ ಹಾಕಬೇಡಿ. ಬಾಗದಿದ್ದರೆ, ಅಥವಾ ಅಲ್ಲಿ ಮುಟ್ಟಿದಾಗ ಸಿಟ್ಟು ಮಾಡಿದರೆ, ಪ್ರಾಣಿ ಡಾಕ್ಟರಿಗೆ ತೋರಿಸಿ ಹಿಂಗಾಲಿನ ಎಕ್ಸ್‌ರೇ ತೆಗೆಸಿ. ವಾಸಿಯಾಗುವುದಿಲ್ಲ. ನೋವು ಕಡಿಮೆ ಮಾಡಬಹುದು, ಅದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ನನ್ನ ಮನೆಗೆ ಬಂದರೆ ತೋರಿಸುತ್ತೇನೆ. ಅಸ್ತರ್ ಎನ್ನುವ ಏಳು ವರ್ಷದ ಮುದುಕ ಮೊನ್ನೆ ಗಿರಾಕಿಯ ಕೋಟಿನ ತೋಳಿನೊಳಗೆ ನುಗ್ಗಿ ಹೊಲಿಗೆ ಬಿಚ್ಚಿದ. ನಿಮ್ಮ ಗುಳಿಗೆಯನ್ನು ಮಾತ್ರ ಬೆಕ್ಕಿಗೆ ಕೊಡಬೇಡಿ, ಸತ್ತುಹೋಗುತ್ತದೆ. ಮರಿ ಹಾಕಿಸಬೇಡಿ. ನಾನು ನಿಲ್ಲಿಸಿದ್ದೇನೆ.

ಬೈಯಬೇಕೆಂದರೆ ಬೈದು ಬರೆಯಿರಿ, ಓದುತ್ತೇನೆ. ಅದರ ಜೊತೆಗೆ ನಿಮ್ಮ ಬೆಕ್ಕು ಎಷ್ಟು ಎತ್ತರ ಹಾರುತ್ತದೆ ಎಂದು ಅಳೆದು ಬರೆಯಿರಿ. ನನಗೆ ತಿಳಿಯಬೇಕು.

ಬೆಕ್ಕಿನ ದರ್ಜಿ

(ಮೂರು ವಾರದ ಮೇಲೆ ಮಗಳಿಗೆ ಹೋದ ಪ್ರತಿಯ ಕೆಳಗೆ, ಪೆನ್ಸಿಲಿನಲ್ಲಿ)

ಗುಂಡಿಯೂ ಆ ಐವತ್ತೆಂಟರಲ್ಲಿ ಒಬ್ಬಳು, ಅದಕ್ಕೇ ನಿನಗೂ ಒಂದು ಪ್ರತಿ. ಹತ್ತೊಂಬತ್ತು ಉತ್ತರ ಬಂದಿವೆ. ಎಂಟರಲ್ಲಿ ಬೈಗುಳ, ಹನ್ನೊಂದರಲ್ಲಿ ಬರೀ ಅಳತೆ. ಬೈದವರಲ್ಲೂ ಮೂವರು ಅಳೆದು ಕಳಿಸಿದ್ದಾರೆ.

ಇವನ್ನೆಲ್ಲ ಓದುತ್ತ ಕೂತಾಗ ಹೊಳೆಯಿತು. ಆರು ವರ್ಷದಲ್ಲಿ ನೀನು ಒಂದು ಸಲವೂ ಇಲ್ಲಿಗೆ ಬರಲಿಲ್ಲ. "ರಜ ಸಿಗಲ್ಲಪ್ಪ" ಎಂದೆ. ನಾನು "ಪಾಪ, ಕೆಲಸ" ಎಂದು ಜನರಿಗೆ ಹೇಳಿಕೊಂಡು ಸುಮ್ಮನಿದ್ದೆ. ಐವತ್ತೆಂಟು ಮನೆಯವರನ್ನು ಕೇಳಿದೆ, ನಿನ್ನನ್ನು ಕೇಳಲಿಲ್ಲ.

ನಿನಗೆ ಎಲ್ಲಿ ನೋಯುತ್ತದೆ, ಮಗಳೇ? ಉದ್ದವಾಗಿ ಬರೆ. ಪೂರ್ತಿ ಓದುತ್ತೇನೆ.

ಅಪ್ಪ